ಅಪ್‌ಡೇಟ್: ನಮ್ಮ ನೀರೊಳಗಿನ ರೋಬೋಟ್‌ಗೆ ನೀರು ನುಗ್ಗುತ್ತಿದ್ದ ದಾರಿ ಸಿಕ್ಕಿತು

ನಮ್ಮ ಕಾಲೇಜಿನ ಸಾಗರ ಎಂಜಿನಿಯರಿಂಗ್ ಕ್ಲಬ್‌ನ ರೋಬೋಟ್ ಈಜುಕೊಳದಲ್ಲಿ 3 ಮೀಟರ್ ಆಳಕ್ಕೆ ಇಳಿದ ಅರ್ಧ ಗಂಟೆಯೊಳಗೆ ಎಲೆಕ್ಟ್ರಾನಿಕ್ಸ್ ಕೊಳವೆಯಲ್ಲಿ ಒಂದೆರಡು ಚಮಚ ನೀರು ಸೇರುತ್ತಿದೆ ಎಂದು ಎರಡು ವಾರಗಳ ಹಿಂದೆ ಸಹಾಯ ಕೇಳಿದ್ದೆ.

ಹೆಚ್ಚಿನವರು ಓ-ರಿಂಗ್ (ಮುಚ್ಚಳದ ಸಂದಿನಲ್ಲಿ ನೀರು ತಡೆಯುವ ರಬ್ಬರ್ ಬಳೆ) ಬದಲಿಸಿ ಸಿಲಿಕೋನ್ ಗ್ರೀಸ್ ಹಚ್ಚಲು ಹೇಳಿದ್ದರು. ಎರಡನ್ನೂ ಮಾಡಿದೆವು, ಫಲ ಸಿಗಲಿಲ್ಲ. ಮುಚ್ಚಳದ ಸುತ್ತ ಹೊರಗಿನಿಂದ ಸೀಲಂಟ್ ಬಳಿದದ್ದರಿಂದ ಅದನ್ನು ಬಿಚ್ಚುವ ಕೆಲಸವಷ್ಟೇ ಹೆಚ್ಚಾಯಿತು.

ಕೊನೆಗೆ ಕೈಹಿಡಿದದ್ದು ನಿರ್ವಾತ ಪರೀಕ್ಷೆಯ ಸಲಹೆ. ಕೈಪಂಪಿನಿಂದ ಗಾಳಿ ಹೊರತೆಗೆದು 15 ನಿಮಿಷ ಕಾದಾಗ ಮಾಪಕದ ಮುಳ್ಳು ನಿಧಾನವಾಗಿ ಹಿಂದಿರುಗುತ್ತಿತ್ತು. ನೀರಿಗೆ ಇಳಿಸದೆಯೇ ಸೋರಿಕೆ ಖಚಿತವಾಯಿತು. ಬಳಿಕ ಸೈಕಲ್ ಪಂಪಿನಿಂದ ಒಳಗೆ ತೀರಾ ಅಲ್ಪ ಒತ್ತಡ ಕೊಟ್ಟು (ಹೆಚ್ಚಾದರೆ ಮುಚ್ಚಳ ಸಿಡಿಯಬಹುದು, ದಯವಿಟ್ಟು ಎಚ್ಚರ ವಹಿಸಿ) ಕೊಳವೆಯನ್ನೂ ಅದರೊಳಗೆ ಹೋಗುವ ಕೇಬಲನ್ನೂ ತೊಟ್ಟಿಯಲ್ಲಿ ಮುಳುಗಿಸಿದೆವು. ಗುಳ್ಳೆಗಳು ಎದ್ದದ್ದು ಮುಚ್ಚಳದಿಂದಲ್ಲ, ಅಲ್ಲಿಂದ 2 ಮೀಟರ್ ದೂರದಲ್ಲಿ ಕೇಬಲಿನ ಮೇಲಿದ್ದ, ಉಗುರು ತಾಗಿಸಿದರಷ್ಟೇ ತಿಳಿಯುವಂಥ ಸೀಳಿನಿಂದ! ತಂತಿಯ ಎಳೆಗಳ ನಡುವಿನ ಸಂದುಗಳಲ್ಲಿ ನೀರು ಅಷ್ಟು ದೂರ ಹರಿದು ಕೊಳವೆಯನ್ನು ಸೇರಬಲ್ಲದು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೇಬಲ್ ಬದಲಿಸಿ, ಅದು ಕೊಳವೆಯನ್ನು ಪ್ರವೇಶಿಸುವ ಕಡೆ ಹೊರಕವಚ ಸುಲಿದು, ಪ್ರತಿ ತಂತಿಯ ಸಣ್ಣ ಭಾಗವನ್ನು ಬೋಳಾಗಿಸಿ ಎಳೆಗಳ ನಡುವೆ ಬೆಸುಗೆ ಇಳಿಸಿ, ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು ಸುತ್ತಲೂ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿದೆವು. ನಿನ್ನೆ ಎರಡು ಗಂಟೆ ಮುಳುಗಿದ್ದ ರೋಬೋಟನ್ನು ಬಿಚ್ಚಿದಾಗ ಒಳಗಿಟ್ಟಿದ್ದ ಟಿಶ್ಯೂ ಕಾಗದ ಗರಿಗರಿಯಾಗಿಯೇ ಇತ್ತು. ನಿರ್ವಾತ ಪರೀಕ್ಷೆ ಸೂಚಿಸಿದವರಿಗೆ ಇಡೀ ತಂಡದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು.