ಗುಡುಗು ಮಳೆಗೆ ಪ್ಲಗ್ ಕಿತ್ತಿಟ್ಟ ಮೇಲೆ ಪಿಸಿಯಲ್ಲಿ ಗೇಮ್ ಓಡುತ್ತಿಲ್ಲ

ಮೇಗರವಳ್ಳಿ ಮಳೆ
ಎಲ್ಲರಿಗೂ ನಮಸ್ಕಾರ. ಮನೆಯ ಪಿಸಿಯಲ್ಲಿ ಇದ್ದಕ್ಕಿದ್ದ ಹಾಗೆ ಗೇಮ್‌ಗಳು ನಿಂತುಬಿಟ್ಟಿವೆ. ಗೇಮ್ ಮಾರುವ ಸ್ಟೀಮ್ ಲಾಗಿನ್ ಆಗುತ್ತಿಲ್ಲ, ಆನ್‌ಲೈನ್ ಗೇಮ್ ವ್ಯಾಲರಂಟ್ ಕೂಡ ಲಾಗಿನ್ ದಾಟಿ ಮುಂದೆ ಹೋಗುತ್ತಿಲ್ಲ. ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅನ್ನುತ್ತದೆ. ಆದರೆ ಅದೇ ವೈಫೈನಲ್ಲಿ ಫೋನ್ ಸರಿಯಾಗಿ ನಡೆಯುತ್ತಿದೆ. ಗಾಗ್ ಅನ್ನುವ ಇನ್ನೊಂದು ಗೇಮ್ ಅಂಗಡಿಯಿಂದ ತಗೊಂಡ ವಿಚರ್ 3 ಮಾತ್ರ ಮೊದಲಿನ ಹಾಗೆ ಓಡುತ್ತಿದೆ, ಅದಕ್ಕೆ ನೆಟ್ ಬೇಡ. ಮೇ ತಿಂಗಳ ಗುಡುಗು ಸಿಡಿಲು ಜೋರಿತ್ತು ಅಂತ ಪ್ಲಗ್ ಕಿತ್ತಿಟ್ಟಿದ್ದೆವು. ಮಳೆ ಹೊಳವಾದ ಮೇಲೆ ಹಾಕಿದ್ದು, ಆಮೇಲೆ ಹೀಗೆ. ವಿಂಡೋಸ್ 11. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ವಿನೋಬನಗರ ಪಿಸಿ
ವಿಂಡೋಸ್ ಅಪ್‌ಡೇಟ್, ಬೇರೆ ಏನೂ ಅಲ್ಲ. 2024ರಲ್ಲಿ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಾಗ ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ, ಸ್ಟಾರ್ ವಾರ್ಸ್ ಔಟ್‌ಲಾಸ್ ಇವೆಲ್ಲ ಹ್ಯಾಂಗ್ ಆಗಿ, ಆ ಗೇಮ್ ಇರುವ ಪಿಸಿಗಳಿಗೆ ಅಪ್‌ಡೇಟ್ ಹೋಗದ ಹಾಗೆ ಮೈಕ್ರೋಸಾಫ್ಟೇ ತಡೆ ಹಾಕಬೇಕಾಯಿತು. ಅಪ್‌ಡೇಟ್ ಹಿಸ್ಟರಿಗೆ ಹೋಗಿ ಕೊನೆಗೆ ಬಂದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ, ಮುಗೀತು.

ಹೊಸನಗರ ತೋಟ
"ಬೇರೆ ಏನೂ ಅಲ್ಲ" ಅಂತ ಪಿಸಿ ನೋಡದೆ ಹೇಗೆ ಹೇಳ್ತೀರಿ ಮಾರಾಯ್ರೇ? ನಮ್ಮ ಕಡೆಯ ಕರೆಂಟು ನಿಮಗೆ ಪೇಟೆಯವರಿಗೆ ಗೊತ್ತಿಲ್ಲ. ತೋಟದ ಪಂಪ್ ಶುರುವಾದರೆ ಮನೆಯ ಲೈಟು ಮಂಕಾಗುತ್ತದೆ. ಹೀಗೆ ವರ್ಷಗಟ್ಟಲೆ ಏರಿ ಇಳಿದರೆ ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸೊರಗುತ್ತದೆ. ಆಮೇಲೆ ಬ್ರೌಸರ್, ಸಿನಿಮಾ ಎಲ್ಲ ನಡೆಯುತ್ತದೆ, ಗೇಮ್ ಹಾಕಿದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಜಾಸ್ತಿ ಎಳೆದು ಸಿಸ್ಟಂ ಬೀಳುತ್ತದೆ. ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಇಳಿಯಬಾರದು. ವಿಂಡೋಸ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅನ್ನುವ ಎರರ್ ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ನಾನು ಹೇಳಿದ್ದೇ.

ಸ್ಕ್ರೂಡ್ರೈವರ್
ಮೇಗರವಳ್ಳಿಯವರೇ, ಒಂದೇ ಪ್ರಶ್ನೆ. ಪರದೆಯ ಮೂಲೆಯಲ್ಲಿ ತಾರೀಕು ಮತ್ತು ವರ್ಷ ಎಷ್ಟು ತೋರಿಸುತ್ತಿದೆ? ಪ್ಲಗ್ ಕಿತ್ತು ತುಂಬಾ ದಿನ ಇಟ್ಟರೆ ಮದರ್‌ಬೋರ್ಡಿನ ಸೆಲ್ ಖಾಲಿಯಾಗುವುದು ಇದೆ.

ವಿನೋಬನಗರ ಪಿಸಿ
ಕರ್ನಲ್ ಪವರ್ 41 ಯಾವ ಸಾಕ್ಷಿಯೂ ಅಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆದರೆ ಅದು ಬೀಳುತ್ತದೆ, ಕಾರಣ ಏನೇ ಇರಲಿ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ 41. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಾಯಿಸಿ ದುಡ್ಡು ಕಳೆದುಕೊಂಡವರು ಎಷ್ಟು ಜನ ಇದ್ದಾರೋ.

ಸಾಗರದಕ್ಕ
"ಪ್ಲಗ್ ಕಿತ್ತು ಇಟ್ಟರೆ" ಅಂತ ಒಬ್ಬರು ಬರೆದಿದ್ದಾರೆ. ಹಾಗಾದ್ರೆ ಕೀಳಬಾರದಾ? ದಯವಿಟ್ಟು ಇಂಥ ಮಾತು ಹೇಳಬೇಡಿ. ಸಿಡಿಲಿಗೆ ನಮ್ಮ ಅಣ್ಣನ ಮನೆಯಲ್ಲಿ ಟಿವಿ, ಇನ್ವರ್ಟರ್, ಕಂಪ್ಯೂಟರ್ ಒಂದೇ ಸಂಜೆಯಲ್ಲಿ ಹೋಗಿವೆ. ಮಲೆನಾಡಿನಲ್ಲಿ ಗುಡುಗಿದರೆ ಮೊದಲು ಪ್ಲಗ್ ಕೀಳಬೇಕು. ಮಕ್ಕಳಿಗೂ ಅದನ್ನೇ ಕಲಿಸಿದ್ದೇವೆ.

ಭದ್ರಾವತಿ ಬಾಯ್
"ಮೊದಲು ಪ್ಲಗ್ ಕೀಳಬೇಕು" ಅನ್ನೋದು ಹಳೇ ಕಾಲದ ಮಾತು ಅಕ್ಕ. ಒಳ್ಳೆ ಸ್ಪೈಕ್ ಗಾರ್ಡ್, ಒಂದು ಯುಪಿಎಸ್ ಇದ್ದರೆ ಸಾಕು. ನಾನು ಪ್ಲಗ್ ಮುಟ್ಟುವುದೇ ಇಲ್ಲ, ನನ್ನ ಪಿಸಿಗೆ ಏನೂ ಆಗಿಲ್ಲ. ಈ ಕೇಸಿಗೆ ಬಂದರೆ, ವಿಂಡೋಸ್ ಹೊಸದಾಗಿ ಹಾಕಿ. ಸುಮ್ನೆ ಹುಡುಕುತ್ತಾ ಕೂರಬೇಡಿ.

ಹೊಸನಗರ ತೋಟ
"ಸ್ಪೈಕ್ ಗಾರ್ಡ್ ಇದ್ದರೆ ಸಾಕು"? ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಎಂಥ ಕೆಲಸ ಮಾಡುತ್ತದೆ ಹೇಳಿ ನೋಡುವ. ಒಳಗೆ ಇರುವ ಪುಟ್ಟ ಬಿಲ್ಲೆಗಳು ಜಾಸ್ತಿ ವೋಲ್ಟನ್ನು ಭೂಮಿಗೆ ಇಳಿಸಬೇಕು, ಇಳಿಯುವುದಕ್ಕೆ ದಾರಿ ಬೇಡವಾ? ನಮ್ಮದು ಜಂಬಿಟ್ಟಿಗೆ ನೆಲ. ಮೇ ತಿಂಗಳಲ್ಲಿ ಪೂರ್ತಿ ಒಣಗಿರುತ್ತದೆ, ಸಿಡಿಲು ಜೋರಾಗಿ ಬರುವುದೂ ಆಗಲೇ. ಇದ್ದಿಲು ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯದಿದ್ದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ಭದ್ರಾವತಿ ಬಾಯ್
ಗುಂಡಿಗೆ ನೀರು ಹೊಯ್ಯುವ ವಿಷಯ ಯಾರು ಕೇಳಿದರು? ಆಗುಂಬೆ ಹತ್ತಿರದ ಮನೆಯಲ್ಲಿ ನೆಲ ಒಣಗಿದೆ ಅಂತೀರಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು.

ಸಾಗರದಕ್ಕ
ಆ ಮಳೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವುದು. ಆಗ ಗುಡುಗು ಕಮ್ಮಿ, ಸುರಿಯುವುದು ಮಾತ್ರ. ಗುಡುಗು ಇರುವುದು ಮುಂಗಾರಿಗೆ ಮೊದಲು, ಮತ್ತೆ ಹಿಂಗಾರಿನಲ್ಲಿ. ಇಲ್ಲಿ ಬದುಕಿದವರಿಗೆ ಇದು ಗೊತ್ತಿರುತ್ತದೆ. "ಏನೂ ಆಗಿಲ್ಲ" ಅಂದರೆ ನಿಮಗೆ ಇನ್ನೂ ಆಗಿಲ್ಲ ಅಷ್ಟೇ. ಇನ್ನೊಬ್ಬರ ಮನೆಗೆ ಬೆಂಕಿ ಬಿದ್ದರೆ ನೀವು ಬರ್ತೀರಾ?

ಭದ್ರಾವತಿ ಬಾಯ್
ಬೆಂಕಿಯವರೆಗೂ ಹೋಯಿತಾ ಮಾತು! ಫೈಬರ್ ನೆಟ್ ಬಂದ ಮೇಲೆ ಫೋನ್ ತಂತಿಯಿಂದ ಸಿಡಿಲು ಬರುವ ಹಾದಿಯೇ ಮುಚ್ಚಿದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಅದಾದರೂ ಒಪ್ಪುತ್ತೀರಾ?

ಹೊಸನಗರ ತೋಟ
ಫೈಬರ್‌ನಲ್ಲಿ ಹರಿಯುವುದಿಲ್ಲ. ಫೈಬರ್ ಬಂದು ಸೇರುವ ರೂಟರ್ ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲೇ ಇದೆಯಲ್ಲ, ಅಲ್ಲಿಂದ ಲ್ಯಾನ್ ಕೇಬಲ್ ಪಿಸಿಗೆ. ಅದು ತಾಮ್ರ. ನೀವು ಬಾಗಿಲು ಮುಚ್ಚಿದ್ದು ನೋಡಿದಿರಿ, ಕಿಟಕಿ ತೆರೆದಿದ್ದು ನೋಡಲಿಲ್ಲ.

ಸ್ಕ್ರೂಡ್ರೈವರ್
ಕೀಳಬೇಡಿ ಅಂತ ನಾನು ಹೇಳಲೇ ಇಲ್ಲ. ಸಿಡಿಲಿಗೆ ಕೀಳಲೇಬೇಕು. ನಾನು ಹೇಳಿದ್ದು ಸೆಲ್ ವಿಷಯ. ಪ್ಲಗ್ ಹಾಕಿದ್ದರೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಗಡಿಯಾರವನ್ನು ನಡೆಸುತ್ತದೆ, ಪಿಸಿ ಆಫ್ ಇದ್ದರೂ. ಕಿತ್ತರೆ ಆ ಭಾರ ಎಲ್ಲ ಸಿಆರ್2032 ಅನ್ನುವ 3 ವೋಲ್ಟಿನ ಬಟನ್ ಸೆಲ್ ಮೇಲೆ. ಹೊಸದಾದರೆ ವರ್ಷಗಟ್ಟಲೆ ತಡೆಯುತ್ತದೆ, ಹಳೆಯದಾಗಿದ್ದರೆ ಕೈ ಕೊಡುತ್ತದೆ. ಆಗ ತಾರೀಕು ಹಿಂದೆ ಹೋಗುತ್ತದೆ, ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ, ಅಂದರೆ ಬಯಾಸ್ ಸೆಟ್ಟಿಂಗ್ ಎಲ್ಲ ಕಂಪನಿ ಕೊಟ್ಟಾಗಿನ ಸ್ಥಿತಿಗೆ ಬರುತ್ತದೆ. ತಾರೀಕು ತಪ್ಪಾಗಿದ್ದರೆ ಸೈಟಿನ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಪಿಸಿ ತಿಳಿಯುತ್ತದೆ. ಬ್ರೌಸರ್, ಸ್ಟೀಮ್ ಎರಡೂ ಒಟ್ಟಿಗೆ ನಿಲ್ಲುವುದು ಅದಕ್ಕೇ. ವಿಚರ್ 3 ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ದುಡಿಸುವ ಗೇಮ್, ಅದು ಓಡುತ್ತಿದೆ ಅಂದರೆ ಎಸ್‌ಎಂಪಿಎಸ್ ಮೇಲೆ ಯಾಕೆ ಅನುಮಾನ? ವರ್ಷ ಎಷ್ಟು ತೋರಿಸುತ್ತಿದೆ ಅಂತ ಮೊದಲೇ ಕೇಳಿದ್ದೇನೆ, ಯಾರೂ ಉತ್ತರ ಕೊಡಲು ಬಿಡುತ್ತಿಲ್ಲ.

ವಿನೋಬನಗರ ಪಿಸಿ
"ಬಯಾಸ್ ಸೆಟ್ಟಿಂಗ್ ಎಲ್ಲ" ಹೋದರೆ ಪಿಸಿ ಆನ್ ಆಗುವಾಗಲೇ ಎರರ್ ಬರುತ್ತದೆ, ಎಫ್1 ಒತ್ತಿ ಅನ್ನುತ್ತದೆ. ಅವರು ಅದನ್ನು ಬರೆದೇ ಇಲ್ಲ. ಹಾಗಾಗಿ ಸೆಲ್ ಅಲ್ಲ.

ಮೇಗರವಳ್ಳಿ ಮಳೆ
ಆನ್ ಆಗುವಾಗ ಕಪ್ಪು ಪರದೆಯಲ್ಲಿ ಏನೋ ಬಂತು. ಅಪ್ಪ ಎಫ್1 ಒತ್ತಿ ಮುಂದೆ ಹೋದರಂತೆ, ನನಗೆ ಈಗ ಹೇಳಿದರು. ವರ್ಷ 2019 ತೋರಿಸುತ್ತಿದೆ. ವಿಂಡೋಸ್ ತಾನೇ ಸರಿ ಮಾಡಿಕೊಳ್ಳುವುದಿಲ್ವಾ?

ಸ್ಕ್ರೂಡ್ರೈವರ್
ಸ್ವಲ್ಪ ವ್ಯತ್ಯಾಸ ಇದ್ದರೆ ಮಾಡಿಕೊಳ್ಳುತ್ತದೆ. ಇಷ್ಟು ವರ್ಷ ಹಿಂದಿದ್ದರೆ ಅದನ್ನು ನಂಬಬೇಡಿ, ಕೈಯಲ್ಲೇ ತಾರೀಕು ಸರಿ ಮಾಡಿ.

ಭದ್ರಾವತಿ ಬಾಯ್
ನೋಡಿ, ಪ್ಲಗ್ ಕಿತ್ತಿದ್ದಕ್ಕೇ ಇದೆಲ್ಲ ಆಗಿದ್ದು. ನಾನು ಹೇಳಿದ್ದು ಅದನ್ನೇ.

ಸಾಗರದಕ್ಕ
ನೀವು ಹೇಳಿದ್ದು ವಿಂಡೋಸ್ ಹೊಸದಾಗಿ ಹಾಕಿ ಅಂತ. ಮೇಲೆ ಬರೆದದ್ದು ಹಾಗೇ ಇದೆ, ಓದಿಕೊಳ್ಳಿ. ಹುಡುಗ ಹಾಗೆ ಮಾಡಿದ್ದರೆ ಅವನ ಸೇವ್ ಎಲ್ಲ ಹೋಗುತ್ತಿತ್ತು.

ಮೇಗರವಳ್ಳಿ ಮಳೆ
ತಾರೀಕು ಸರಿ ಮಾಡಿದೆ. ಸ್ಟೀಮ್ ಲಾಗಿನ್ ಆಯಿತು, ಬ್ರೌಸರ್ ಸರಿ. ವ್ಯಾಲರಂಟ್ ಲಾಗಿನ್ ದಾಟಿತು, ಆದರೆ ಈಗ ವ್ಯಾನ್ 9003 ಅಂತ ಬರುತ್ತಿದೆ.

ವಿನೋಬನಗರ ಪಿಸಿ
ನಾನು ಹೇಳಲಿಲ್ವಾ! 9003 ಅಂದರೆ ಸೆಕ್ಯೂರ್ ಬೂಟ್, ಆನ್ ಆಗುವಾಗ ನಂಬಿಕೆಯ ಪ್ರೋಗ್ರಾಂ ಮಾತ್ರ ಓಡಲು ಬಿಡುವ ಬಯಾಸ್ ಸೆಟ್ಟಿಂಗ್, ಆನ್ ಇಲ್ಲ ಅಂತ. ವಿಂಡೋಸ್ 11 ಇದ್ದರೆ ಮಾತ್ರ ವ್ಯಾಲರಂಟ್ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಎರಡೂ ಬೇಕು ಅಂತ ಹಟ ಹಿಡಿಯುವುದು. ವಿಂಡೋಸ್ 10ರಲ್ಲೇ ಇದ್ದಿದ್ದರೆ ಈ ಕಾಟ ಇರಲಿಲ್ಲ. ಸಮಸ್ಯೆ ವಿಂಡೋಸ್‌ದೇ.

ಹೊಸನಗರ ತೋಟ
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿದೆ. ಅದಕ್ಕೆ ವಾಪಸ್ ಹೋಗಿ ಅನ್ನುವುದು ಎಂಥ ಸಲಹೆ?

ವಿನೋಬನಗರ ಪಿಸಿ
ವಾಪಸ್ ಹೋಗಿ ಅಂತ ಎಲ್ಲಿ ಬರೆದಿದ್ದೇನೆ? ತೋರಿಸಿ. ಬಾಯಿಗೆ ಬಂದದ್ದು ಹೇಳಬೇಡಿ.

ಸ್ಕ್ರೂಡ್ರೈವರ್
ಮೇಗರವಳ್ಳಿಯವರೇ, ಇವರ ಜಗಳ ಬಿಡಿ, ಇದನ್ನು ನಿಧಾನವಾಗಿ ಓದಿ. ಬಯಾಸ್ ರಿಸೆಟ್ ಆದಾಗ ಸೆಕ್ಯೂರ್ ಬೂಟ್ ಆಫ್ ಆಗಿದೆ. ಮೊದಲು ಸ್ಟಾರ್ಟ್‌ನಲ್ಲಿ ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿ ತೆರೆಯಿರಿ. ಬಯಾಸ್ ಮೋಡ್ ಎದುರು ಯುಇಎಫ್‌ಐ ಅಂತ ಇದ್ದರೆ ಮುಂದುವರಿಯಿರಿ. ಲೆಗಸಿ ಅಂತ ಇದ್ದರೆ ಏನೂ ಮುಟ್ಟಬೇಡಿ, ಹಳೇ ರೀತಿಯ ಬೂಟ್ ನಡೆಸುವ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಬೂಟೇ ಆಗುವುದಿಲ್ಲ.

ಇನ್ನೊಂದು, ಇದು ಎಲ್ಲದಕ್ಕಿಂತ ಮುಖ್ಯ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯಾ ನೋಡಿ. 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಆ ಖಾತೆಯಲ್ಲಿ ರಿಕವರಿ ಕೀ ಇರುತ್ತದೆ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಬಯಾಸ್‌ಗೆ ಹೋಗಿ. ಎಎಂಡಿ ಬೋರ್ಡ್ ಆಗಿದ್ದು ಎಫ್‌ಟಿಪಿಎಂ (ಎಎಂಡಿಯ ಟಿಪಿಎಂ) ರಿಸೆಟ್ ಮಾಡಲಾ ಅಂತ ಕೇಳಿದರೆ, ಕೀ ಕೈಯಲ್ಲಿ ಇಲ್ಲದೆ ವೈ ಒತ್ತಬೇಡಿ. ಫೋಟೋ, ಕಾಲೇಜಿನ ಪ್ರಾಜೆಕ್ಟ್ ಎಲ್ಲ ಬೀಗದೊಳಗೆ ಸಿಕ್ಕಿಬಿಡುತ್ತವೆ. ಇದೆಲ್ಲ ಸೆಲ್ ಹೊಸದು ಹಾಕಿದ ಮೇಲೆ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಪ್ಲಗ್ ಕಿತ್ತಾಗ ಮತ್ತೆ ಮೊದಲಿನಿಂದ ಶುರು.

ಹೊಸನಗರ ತೋಟ
ಸೆಲ್ ಅಂದರೂ ಅದು ಕರೆಂಟಿನ ಸಮಸ್ಯೆಯೇ ಅಲ್ವಾ. ಅಪ್‌ಡೇಟ್ ಅಂತೂ ಅಲ್ಲ ಅಂತ ಸಾಬೀತಾಯಿತು.

ವಿನೋಬನಗರ ಪಿಸಿ
ಏನೂ ಸಾಬೀತಾಗಿಲ್ಲ. ಅಪ್‌ಡೇಟ್ ಹಿಸ್ಟರಿ ಅವರು ಇನ್ನೂ ತೋರಿಸೇ ಇಲ್ಲ.

ಮೇಗರವಳ್ಳಿ ಮಳೆ
ತೀರ್ಥಹಳ್ಳಿಯಿಂದ ಸೆಲ್ ತಂದು ಹಾಕಿದೆವು. ಕೀ ಬರೆದಿಟ್ಟುಕೊಂಡು ಸೆಕ್ಯೂರ್ ಬೂಟ್ ಆನ್ ಮಾಡಿದೆ, ವ್ಯಾಲರಂಟ್ ಓಡುತ್ತಿದೆ. ಸ್ಕ್ರೂಡ್ರೈವರ್ ಅಣ್ಣ, ತುಂಬಾ ಥ್ಯಾಂಕ್ಸ್. ಹಳೇ ಸೆಲ್‌ಗೆ ಮೀಟರ್ ಹಿಡಿದರೆ 2 ವೋಲ್ಟ್ ಕೂಡ ಇಲ್ಲ.

ಭದ್ರಾವತಿ ಬಾಯ್
ಇನ್ನು ಮೇಲೆ ಪ್ಲಗ್ ಕೀಳಬೇಡಿ, ಯುಪಿಎಸ್ ತಗೊಳ್ಳಿ.

ಸಾಗರದಕ್ಕ
ಸಿಡಿಲು ಬಂದರೆ ಕೀಳಪ್ಪ ನೀನು. ಲ್ಯಾನ್ ಕೇಬಲ್ ಕೂಡ ತೆಗಿ.