ಇಬ್ಬರು ಮಕ್ಕಳು, ಒಂದು ಲ್ಯಾಪ್‌ಟಾಪ್: ಯಾವ ಗೇಮ್ ತರಲಿ? ಆಡಿದವರು ಹೇಳಿ

ಪ್ರಶ್ನೆ, ವಿದ್ಯಾನಗರ, ದಾವಣಗೆರೆ

ಮಗನಿಗೆ 12, ಮಗಳಿಗೆ 8. ಬೇಸಿಗೆ ರಜೆ, ಹೊರಗೆ ಕಾಲಿಡಲಾಗದ ಬಿಸಿಲು. ಮಗ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸುವ ಆಟ ಬಿಟ್ಟು ಏಳಲ್ಲ. ಮಗಳು ಪಕ್ಕದಲ್ಲಿ ಕೂತು ನೋಡುತ್ತಾಳೆ. ನನಗೆ ಅವಳದ್ದೇ ಜಾಸ್ತಿ ಬೇಜಾರು, ಯಾಕಂದ್ರೆ ನಾನೂ ಹಾಗೇ ಬೆಳೆದವಳು. ಅಣ್ಣ ಟಿವಿ ಗೇಮ್‌ನಲ್ಲಿ ಕಾಂಟ್ರಾ ಅನ್ನೋ ಆಟ ಆಡುವಾಗ ನನಗೆ ಎರಡನೇ ರಿಮೋಟ್ ಕೊಡುತ್ತಿದ್ದ. ಜಲಪಾತದ ಸ್ಟೇಜ್ ಬಂದ ಕೂಡಲೇ ನಾನು ಸಾಯುತ್ತಿದ್ದೆ. "ನಿಂಗೆ ಆಡೋಕೆ ಬರಲ್ಲ" ಅಂತ ರಿಮೋಟ್ ಕಿತ್ತುಕೊಳ್ಳುತ್ತಿದ್ದ.

ಈಗ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಟ್ಟದಲ್ಲಿ ಹಳೇ ಟಿವಿ ಗೇಮ್ ಕೂಡ ಸಿಕ್ಕಿತು. ಎಲ್‌ಇಡಿ ಟಿವಿಗೆ ಹಾಕಿದರೆ ಮಾರಿಯೋ ಓಡುತ್ತಾನೆ, ಬಾತುಕೋಳಿ ಹೊಡೆಯುವ ಗನ್ ಮಾತ್ರ ಕೆಟ್ಟಿದೆ. ರಿಪೇರಿ ಆಗುತ್ತಾ? ಮಕ್ಕಳಿಬ್ಬರೂ ಸೇರಿ ಆಡುವಂಥದ್ದು ಯಾವುದಿದೆ? "ಟಾಪ್ 10" ಪಟ್ಟಿ ಬೇಡ. ನೀವು ಆಡಿದ್ದು, ನಿಮಗೆ ಇಷ್ಟ ಆದದ್ದು ಹೇಳಿ.

ಪಿ.ಜೆ. ಬಡಾವಣೆಯಿಂದ

ಅಣ್ಣನ ಕಥೆ ಹೇಳಿದ್ದೀರಿ, ಅದಕ್ಕೇ ತಂಗಿ ಅಂತ ಕರೆಯುತ್ತೇನೆ. ನನಗೆ 44. ನಾಲ್ಕನೇ ಕ್ಲಾಸಿನಿಂದ ಆಡುತ್ತಿದ್ದೇನೆ, ಇನ್ನೂ ಬಿಟ್ಟಿಲ್ಲ. ಹೆಂಡತಿ ಹೇಳಿ ಹೇಳಿ ಸುಸ್ತಾಗಿ ಈಗ ಸುಮ್ಮನಾಗಿದ್ದಾಳೆ.

ಮೊದಲು ಗನ್. ಅದು ಕೆಟ್ಟಿಲ್ಲ, ರಿಪೇರಿಗೆ ದುಡ್ಡು ಹಾಕಬೇಡಿ. ನಿಮ್ಮ ಬಾತುಕೋಳಿ ಆಟದ ಹೆಸರು ಡಕ್ ಹಂಟ್, 1984ರದು. ಆ ಗನ್‌ನಿಂದ ಏನೂ ಹೊರಡುವುದಿಲ್ಲ, ಒಳಗೆ ಬೆಳಕು ನೋಡುವ ಕಣ್ಣೊಂದಿದೆ ಅಷ್ಟೇ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ ಆ ಬಿಳಿ ಕಂಡರೆ ಏಟು ಬಿತ್ತು ಅಂತ ಲೆಕ್ಕ. ಇದೆಲ್ಲ ಹಳೇ ಡಬ್ಬಾ ಟಿವಿಗೆ ಹೊಂದಿಸಿದ ಲೆಕ್ಕ. ಈಗಿನ ಟಿವಿ ಚಿತ್ರ ತೋರಿಸುವುದು ಚೂರು ತಡ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಯಾರ ಮನೆಯಲ್ಲಾದರೂ ಡಬ್ಬಾ ಟಿವಿ ಉಳಿದಿದ್ದರೆ ಹಚ್ಚಿ ನೋಡಿ, ಗುರಿ ತಪ್ಪಿದರೆ ಆಟದೊಳಗಿನ ನಾಯಿ ಎದ್ದು ಬಂದು ನಗುತ್ತದೆ.

ಎರಡನೆಯದು, ಜಲಪಾತ. ನೀವು ಸತ್ತದ್ದು ಆಡೋಕೆ ಬರದೆ ಅಲ್ಲ. ಆ ಸ್ಟೇಜಿನಲ್ಲಿ ಪರದೆ ಮೇಲಕ್ಕೆ ಸರಿಯುತ್ತದೆ. ಯಾರು ಮುಂದೆ ಹತ್ತುತ್ತಾರೋ ಅವರ ಜೊತೆಗೇ ಸರಿಯುತ್ತದೆ. ಕೆಳಗೆ ಉಳಿದವರು ಪರದೆಯಿಂದ ಆಚೆ ಬಿದ್ದರೆ ಪ್ರಾಣ ಹೋಯಿತು. ಅಂದರೆ ಅಣ್ಣ ಹಾರಿ ಹಾರಿ ಹತ್ತಿದಾಗಲೆಲ್ಲ ನಿಮ್ಮನ್ನು ಕೊಂದದ್ದು ಅಣ್ಣನೇ. ನಾನೂ ನನ್ನ ತಮ್ಮನನ್ನು ಹೀಗೇ ಬಹಳ ಸಲ ಕೊಂದಿದ್ದೇನೆ, ಆಮೇಲೆ ಅವನ ಹತ್ತಿರವೇ ಒಂದು ಲೈಫ್ ಸಾಲ ಕೇಳಿದ್ದೇನೆ.

ಅಲ್ಲಿಂದಲೇ ನನ್ನ ಅಭಿಪ್ರಾಯ ಹುಟ್ಟಿದ್ದು. ಪಕ್ಕದಲ್ಲಿ ಕೂತವನಿಗೂ ಕೆಲಸ ಕೊಡುವ ಆಟ ಒಳ್ಳೆಯದು. ವೈಸ್ ಸಿಟಿ ನನಗೆ ಪ್ರಾಣ. 2002ರದು, ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಸುಮ್ನೆ ಸಮುದ್ರದ ದಂಡೆಯಲ್ಲಿ ಸುತ್ತುತ್ತಿದ್ದೆ. ಆದರೆ ಅದು ದೊಡ್ಡವರ ಆಟ, ಒಬ್ಬನೇ ಆಡುವಂಥದ್ದು. ರೆಡ್ ಡೆಡ್ ರಿಡೆಂಪ್ಶನ್ 2 ಕೂಡ ಹಾಗೇ, ಅದರಲ್ಲಿ ಕುದುರೆ ಸತ್ತಾಗ ನಾನು ಊಟ ಬಿಟ್ಟೆ. ಮಕ್ಕಳಿಗೆ ಎರಡೂ ಬೇಡ.

ನಿಮಗೆ ನಾನು ಹೇಳುವುದು ಓವರ್‌ಕುಕ್ಡ್. 2016ರಲ್ಲಿ ಬಂತು, ಎರಡನೆಯದು 2018ರಲ್ಲಿ. ಅಡುಗೆಮನೆ ಆಟ, ನಾಲ್ಕು ಜನರ ತನಕ ಆಡಬಹುದು. ಒಬ್ಬರು ಈರುಳ್ಳಿ ಹೆಚ್ಚಬೇಕು, ಒಬ್ಬರು ಒಲೆ ನೋಡಬೇಕು, ಇನ್ನೊಬ್ಬರು ಪ್ಲೇಟ್ ತೊಳೆಯಬೇಕು. ಒಲೆ ಮರೆತರೆ ಬೆಂಕಿ. ಭಾನುವಾರ ಬೆಳಿಗ್ಗೆ ನಮ್ಮ ಬೆಣ್ಣೆ ದೋಸೆ ಹೋಟೆಲ್ ಒಳಗೆ ಇಣುಕಿದ್ದೀರಾ? ಹಿಟ್ಟು ಹುಯ್ಯುವವನು, ಬೆಣ್ಣೆ ಹಾಕುವವನು, ಚಟ್ನಿ ಬಡಿಸುವವನು ಒಬ್ಬರಿಗೊಬ್ಬರು ಕೂಗಾಡುತ್ತಾರಲ್ಲ, ಥೇಟ್ ಹಾಗೆ. ಇಲ್ಲಿ ಅಣ್ಣ ಎಷ್ಟೇ ಚುರುಕಿದ್ದರೂ ತಂಗಿ ಪ್ಲೇಟ್ ತೊಳೆಯದಿದ್ದರೆ ಆರ್ಡರ್ ಹೋಗಲ್ಲ. ಒಂದೇ ಕಂಟ್ರೋಲರನ್ನು ಇಬ್ಬರು ಅರ್ಧರ್ಧ ಹಿಡಿದು ಆಡುವ ವ್ಯವಸ್ಥೆಯೂ ಇದೆ, ಆದರೆ ಆ ಜಗಳ ಬಿಡಿಸೋಕೆ ನೀವು ಅಲ್ಲೇ ಕೂರಬೇಕು.

ಇಟ್ ಟೇಕ್ಸ್ ಟೂ ಅಂತ ಎಲ್ಲರೂ ಹೇಳುತ್ತಾರೆ. 2021ರದು, ಇಬ್ಬರು ಇಲ್ಲದೆ ಶುರುವೇ ಆಗದ ಆಟ. ಬಹಳ ಚೆಂದ, ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಭಾರ. ಕಥೆಯೂ ಬೇರ್ಪಡಲು ಹೊರಟ ಗಂಡ ಹೆಂಡತಿಯದು. ಮಧ್ಯೆ ಒಂದು ಆಟಿಕೆ ಆನೆಯನ್ನು ಎಳೆದಾಡುವ ದೃಶ್ಯ ಇದೆ, ನನ್ನ ಮಗಳು ಅಲ್ಲಿ ಅತ್ತು ಎದ್ದು ಹೋದಳು. ಎಂಟು ವರ್ಷಕ್ಕೆ ಬೇಡ.

ಸ್ಟೀಮ್ ಅಂತ ಗೇಮ್ ಮಾರುವ ಆನ್‌ಲೈನ್ ಅಂಗಡಿ ಇದೆ, ಅಲ್ಲಿ ಕೊಂಡರೆ ಒಂದು ಅನುಕೂಲ. 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ತಂದ ದಿನವೇ ಓಡಿಸಿ ನೋಡಿ. ಹಳೇ ಕಂಟ್ರೋಲರ್ ಕೊಳ್ಳುವಾಗ ಅಂಗಡಿಯಲ್ಲೇ ಚೆಕ್ ಮಾಡಿ. ನಾನು ಒಂದು ತಂದೆ, ಮನೆಗೆ ಬಂದ ಮೇಲೆ ನೋಡಿದರೆ ಕೈ ಬಿಟ್ಟರೂ ಆಟಗಾರ ತಾನಾಗಿ ಎಡಕ್ಕೆ ನಡೆಯುತ್ತಿದ್ದ. ಅಂಗಡಿಯವನು "ನಿನ್ನೆ ಸರಿ ಇತ್ತು ಸಾರ್" ಅಂದ.

ಚಿತ್ರದುರ್ಗದಿಂದ

ಮೇಲಿನ ಅಣ್ಣನವರು ಪ್ರಿನ್ಸ್ ಆಫ್ ಪರ್ಷಿಯಾ ಮರೆತುಬಿಟ್ಟರು. 1989ರ ಆಟ. 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಅದನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬಿಡಿಸಿದ. ಅದಕ್ಕೇ ಆ ರಾಜಕುಮಾರ ಓಡಿ ಬಂದು ಗಕ್ಕನೆ ನಿಲ್ಲಲ್ಲ, ಎರಡು ಹೆಜ್ಜೆ ಜಾರುತ್ತಾನೆ. ಕಾಲೇಜಿನ ಲ್ಯಾಬ್‌ನಲ್ಲಿ ಸರ್ ಬರುವ ತನಕ ಆಡುತ್ತಿದ್ದೆವು. ಸರ್ ಬಂದರೆ ಆ 60 ನಿಮಿಷ ಅಲ್ಲಿಗೇ ಮುಗಿಯಿತು.

ನನ್ನ ಲೆಕ್ಕದಲ್ಲಿ ಆಟದ ಜೀವ ಇರುವುದು ಜಾಗದಲ್ಲಿ. ನಮ್ಮ ಏಳು ಸುತ್ತಿನ ಕೋಟೆ ನೋಡಿ. ಒಂದು ಬಾಗಿಲು ದಾಟಿದರೆ ಮುಂದಿನದು ಕಾಣಲ್ಲ, ದಾರಿ ತಿರುಗುತ್ತದೆ. ಆನೆ ಓಡಿ ಬಂದು ಗುದ್ದೋಕೂ ಜಾಗ ಇಲ್ಲ. ಒಬ್ಬೊಬ್ಬರೇ ತೂರಬೇಕಾದ ಓಬವ್ವನ ಕಿಂಡಿ ಬೇರೆ. ಒಳ್ಳೆಯ ಗೇಮ್ ಕಟ್ಟುವವರು ಮಾಡುವುದೂ ಇದೇ ಅಲ್ವಾ? ಎಲ್ಲ ಒಟ್ಟಿಗೆ ತೋರಿಸಲ್ಲ. ಈಗಿನ ದೊಡ್ಡ ಆಟಗಳಲ್ಲಿ ಮ್ಯಾಪ್ ತುಂಬ ಚುಕ್ಕಿ, ಅಲ್ಲಿ ಹೋಗು ಇಲ್ಲಿ ಹೋಗು. ಅದು ಆಟವಲ್ಲ, ಆಫೀಸು.

ಮಗ ಹದಿನಾಲ್ಕು ದಾಟಲಿ, ಏಜ್ ಆಫ್ ಎಂಪೈರ್ಸ್ 2 ಕೊಡಿಸಿ. ಊರು ಕಟ್ಟಿ, ಸೈನ್ಯ ಕಟ್ಟಿ ಯುದ್ಧ ಮಾಡುವ ಆಟ. 1999ರದು, ಇನ್ನೂ ಸತ್ತಿಲ್ಲ. 2022ರಲ್ಲಿ ದ್ರಾವಿಡರು ಅಂತ ಒಂದು ಪಡೆಯೇ ಸೇರಿತು, ಉರುಮಿ ಅಂದರೆ ಚಾಟಿಯಂತೆ ಬಳುಕುವ ಕತ್ತಿ ಬೀಸುವ ಸೈನಿಕರ ಸಮೇತ. ನಾನು ಪ್ರತಿ ಸಲ ಏಳು ಸುತ್ತು ಗೋಡೆ ಕಟ್ಟುತ್ತೇನೆ. ಪ್ರತಿ ಸಲ ಸೋಲುತ್ತೇನೆ.

ನಿಟ್ಟುವಳ್ಳಿಯಿಂದ

ಅಕ್ಕಾ, ಬಿಜಿಎಂಐ ಒಂದೇ ಏಟಿಗೆ ಬಿಡಿಸೋಕೆ ಹೋಗಬೇಡಿ. ಅವನ ಫ್ರೆಂಡ್ಸೆಲ್ಲ ಅಲ್ಲೇ ಇರುತ್ತಾರೆ, ಆಟಕ್ಕಿಂತ ಅವರ ಮಾತೇ ಅವನಿಗೆ ಮುಖ್ಯ. ಫೋನಿನಲ್ಲಿ ದುಡ್ಡು ಕಟ್ಟುವ ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರ ಇರಲಿ. ನನ್ನ ತಮ್ಮ ಬಂದೂಕಿನ ಬಣ್ಣಕ್ಕೆ ಅಂತ ಒಂದೂವರೆ ಸಾವಿರ ಉಡಾಯಿಸಿದ. ಬಣ್ಣಕ್ಕೆ!

ನನ್ನ ಓಟು ಸ್ಟಾರ್‌ಡ್ಯೂ ವ್ಯಾಲಿಗೆ. ಎರಿಕ್ ಬರೋನ್ ಅನ್ನುವ ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿದ್ದು. ಚಿತ್ರ, ಸಂಗೀತ ಎಲ್ಲ ಅವನದೇ. 2016ರಲ್ಲಿ ಬಂತು. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಒಂದೇ ಪರದೆಯಲ್ಲಿ ಇಬ್ಬರು ಆಡಬಹುದು. ಹೊಲ ಮಾಡುವ ಆಟ. ನಮ್ಮಪ್ಪನಿಗೆ ತೋರಿಸಿದೆ. ಅದರಲ್ಲಿ ಮೆಕ್ಕೆಜೋಳ 14 ದಿನಕ್ಕೆ ಬೆಳೆಯುತ್ತದೆ, ಆಮೇಲೆ ಅದೇ ಗಿಡ ನಾಲ್ಕು ದಿನಕ್ಕೊಮ್ಮೆ ತೆನೆ ಕೊಡುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಈ ಬೀಜ ಎಲ್ಲಿ ಸಿಗುತ್ತಂತೆ ಕೇಳು" ಅಂದರು.

ಮತ್ತೆ ವಿದ್ಯಾನಗರದಿಂದ

ಎಲ್ಲರಿಗೂ ಥ್ಯಾಂಕ್ಸ್. ಓವರ್‌ಕುಕ್ಡ್ ತಂದು ಮೂರು ದಿನ ಆಯಿತು, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಆದರೂ ಓಡುತ್ತಿದೆ. ಮೊದಲ ದಿನ ಅಡುಗೆಮನೆಗೆ ಆರು ಸಲ ಬೆಂಕಿ ಬಿತ್ತು. ಈಗ ಮಗಳು ಅಣ್ಣನಿಗೆ "ಪ್ಲೇಟ್ ತಗೋ, ಪ್ಲೇಟ್ ತಗೋ" ಅಂತ ಬೈಯುತ್ತಾಳೆ. ಮಗ ಸಂಜೆ ಒಂದು ಗಂಟೆ ಬಿಜಿಎಂಐಗೆ ಹೋಗಿ ಬರುತ್ತಾನೆ, ಹೋಗಲಿ ಬಿಡಿ. ಸ್ಟಾರ್‌ಡ್ಯೂ ಸೇಲ್ ಬಂದಾಗ ನನಗೆ ಅಂತ ತಗೊಳ್ಳುತ್ತೇನೆ.

ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಜಲಪಾತದ ಹತ್ತಿರ ಬೇಕು ಅಂತಲೇ ಮೊದಲು ಹತ್ತುತ್ತಿದ್ದೆಯಾ ಅಂತ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನಕ್ಕು, "ಅಯ್ಯೋ, ಇಷ್ಟು ವರ್ಷ ಆದ್ಮೇಲೆ ಯಾರೇ ನಿಂಗೆ ಹೇಳಿದ್ದು?" ಅಂದ.