ಫೋರ್ಜ್ಡ್ ಪಿಸ್ಟನ್ ಹಾಕಿಸಿದ ಮೇಲೆ ಬೆಳಿಗ್ಗೆ ಟಕಟಕ ಸದ್ದು: ಎಂಜಿನ್ ಬಿಚ್ಚಿಸಬೇಕಾ?

ಘಾಟಿ ಎಸ್ಟೀಮ್:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಮಾರುತಿ ಎಸ್ಟೀಮ್ ಕಾರು, 1298 ಸಿಸಿ, ಆಟೋಕ್ರಾಸ್ ರೇಸಿಗೆ ಅಂತ ರೆಡಿ ಮಾಡಿಸಿದ್ದೇನೆ. 74 ಎಂಎಂ ಬೋರ್ (ಸಿಲಿಂಡರ್‌ನ ಒಳಗಿನ ಅಗಲ) ಇದ್ದದ್ದನ್ನು 74.5ಕ್ಕೆ ರೀಬೋರ್ ಮಾಡಿಸಿ, 2618 ಅನ್ನೋ ಅಲ್ಯೂಮಿನಿಯಂ ಅಲಾಯ್‌ನ ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ಬಡಿದು ಮಾಡಿದ) ಪಿಸ್ಟನ್ ಹಾಕಿಸಿದೆ. ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಗ್ಯಾಪ್ 0.09 ಎಂಎಂ ಬಿಟ್ಟಿದ್ದಾರೆ. ಗಾಡಿ ಎಳೆಯೋದು ಚೆನ್ನಾಗಿದೆ, ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ. ಆದರೆ ಚಿಕ್ಕಮಗಳೂರಿನ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಾಲ್ಕೈದು ನಿಮಿಷ ಖಾಲಿ ಡಬ್ಬಕ್ಕೆ ಬಡಿದ ಹಾಗೆ ಟಕಟಕ ಅನ್ನುತ್ತದೆ, ಬಿಸಿಯಾದ ಮೇಲೆ ಹೋಗುತ್ತದೆ. ಇಲ್ಲಿನ ಮೆಕ್ಯಾನಿಕ್ "ಗ್ಯಾಪ್ ಜಾಸ್ತಿಯಾಗಿದೆ, ಬಿಚ್ಚಿ ಟೈಟಾಗಿ ಕೂರಿಸೋಣ" ಅನ್ನುತ್ತಾರೆ. ಇದಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಪೀಣ್ಯ ಬೋರಿಂಗ್:
ದಯವಿಟ್ಟು ಬಿಚ್ಚಬೇಡಿ ಸರ್. ಇಪ್ಪತ್ತು ವರ್ಷದಿಂದ ಬೋರಿಂಗ್, ಹೋನಿಂಗ್ ಮಾಡುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. 2618ರಲ್ಲಿ ಸಿಲಿಕಾನ್ ಇಲ್ಲ ಅಂದರೂ ನಡೆಯುತ್ತದೆ. ಇನ್ನೊಂದು ಪಿಸ್ಟನ್ ಅಲಾಯ್ 4032ರಲ್ಲಿ ಶೇಕಡಾ 12ರಷ್ಟು ಇರುತ್ತದೆ. ಸಿಲಿಕಾನ್ ಕಮ್ಮಿಯಾದಷ್ಟೂ ಪಿಸ್ಟನ್ ಬಿಸಿಗೆ ಜಾಸ್ತಿ ಉಬ್ಬುತ್ತದೆ, ಆದರೆ ಡೆಟೊನೇಷನ್ (ಪೆಟ್ರೋಲ್ ಮಿಶ್ರಣ ಸಿಡಿದಂತೆ ಉರಿಯೋದು) ಏಟು ಬಿದ್ದರೆ ಬೇಗ ಒಡೆಯಲ್ಲ, ರೇಸಿನವರು ಅದಕ್ಕೇ ಇದನ್ನು ಇಷ್ಟಪಡೋದು. ಲೆಕ್ಕ ನೋಡಿ: 74.5 ಎಂಎಂ ಪಿಸ್ಟನ್ 100 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ 0.16 ಎಂಎಂ ಬೆಳೆಯುತ್ತದೆ. ಕಬ್ಬಿಣದ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಕೊಳವೆ) ಅಷ್ಟೇ ಬಿಸಿಗೆ ಅದರ ಅರ್ಧ ಬೆಳೆಯುತ್ತದೆ. ಮೇಲಾಗಿ ಲೈನರ್‌ಗೆ ಸುತ್ತ ನೀರು ಇದೆ, ಪಿಸ್ಟನ್‌ಗೆ ಇಲ್ಲ. ನಿಮ್ಮ 0.09, ಅಂದರೆ ಮೂರೂವರೆ ಥೌ (ಇಂಚಿನ ಸಾವಿರದಲ್ಲೊಂದು ಭಾಗ), ಎಲ್ಲಿಗೆ ಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಕಂಪನಿಯ ಎರಕದ ಪಿಸ್ಟನ್‌ಗೆ 0.03 ಸಾಕಾಗುತ್ತದೆ, ಆ ಅಳತೆಯನ್ನು ಇದಕ್ಕೆ ಹಾಕಿದರೆ ಜಾಮ್ ಆಗುತ್ತದೆ.

ಒಂದೇ ವಿಷಯ ಕೇಳಿ ತಿಳಿದುಕೊಳ್ಳಿ: ಪಿಸ್ಟನ್ ಅಳೆದದ್ದು ಎಲ್ಲಿ? ಪಿಸ್ಟನ್ ದುಂಡಗೆ ಇರಲ್ಲ. ಕೈಯಲ್ಲಿ ಹಿಡಿದು ಮೈಕ್ರೋಮೀಟರ್ ಹಾಕಿದರೆ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಕಡ್ಡಿ) ಬದಿಯಲ್ಲಿ ಸಣ್ಣ, ಅದಕ್ಕೆ ಅಡ್ಡಲಾಗಿ ದೊಡ್ಡ. ಮೇಲೆ ರಿಂಗ್ ಹತ್ತಿರ ಇನ್ನೂ ಸಣ್ಣ, ಕೆಳಗೆ ಸ್ಕರ್ಟ್‌ನಲ್ಲಿ ದಪ್ಪ. ಡಬ್ಬದ ಜೊತೆ ಬಂದ ಹಾಳೆಯಲ್ಲಿ ಯಾವ ಎತ್ತರದಲ್ಲಿ ಅಳೆಯಬೇಕು ಅಂತ ಬರೆದಿರುತ್ತಾರೆ. ಸ್ಕರ್ಟ್‌ಗೆ ಕೋಟಿಂಗ್ ಇದ್ದರೆ ಅದನ್ನು ಸೇರಿಸಿ ಅಳೆಯಬೇಕಾ ಬೇಡವಾ ಅನ್ನೋದೂ ಅದರಲ್ಲೇ ಇರುತ್ತದೆ.

ಹಾಸನದ ಗೇರು:
ಪೀಣ್ಯ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸದ್ದು ಬೇಡ ಅಂತ ಹಟ ಹಿಡಿದು ಟೈಟ್ ಮಾಡಿಸಿದ್ದೆ. ಮೊದಲ ದಿನ ಹೊಲಿಗೆ ಮೆಷಿನ್ ಥರ ಓಡಿತು, ಎಷ್ಟು ಖುಷಿಯಾಯಿತು ಅಂದರೆ ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ್ದೆ. ಎರಡನೇ ವಾರ ಶಿರಾಡಿ ಹತ್ತುವಾಗ ಗಾಡಿ ಇದ್ದಕ್ಕಿದ್ದಂತೆ ಬಿಗಿಯಾಗಿ ನಿಂತುಹೋಯಿತು. ಬಿಚ್ಚಿದರೆ ಮೂರನೇ ಪಿಸ್ಟನ್ ಸ್ಕರ್ಟ್ ಮೇಲೆ ಉದ್ದಕ್ಕೆ ಗೀರು, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಲೈನರ್‌ಗೂ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಆ ಪಿಸ್ಟನ್ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ತಣ್ಣನೆ ಸ್ಟಾರ್ಟ್:
ಬಿಚ್ಚದೇ ನೋಡೋಕೆ ಹಳೇ ಉಪಾಯ ಇದೆ. ತಣ್ಣಗಿರುವಾಗ ಪ್ಲಗ್ ತೆಗೆದು ಒಂದೊಂದು ಸಿಲಿಂಡರ್‌ಗೂ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಪ್ಲಗ್ ಹಾಕೋ ಮೊದಲು ಕ್ರ್ಯಾಂಕ್ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ. ಆಮೇಲೆ ಸ್ಟಾರ್ಟ್ ಮಾಡಿದಾಗ ಹೊಗೆ ಬಂದು ಸದ್ದು ಸ್ವಲ್ಪ ಹೊತ್ತು ಕಮ್ಮಿಯಾದರೆ ಅದು ಪಿಸ್ಟನ್ ಸ್ಲ್ಯಾಪ್, ಅಂದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸದ್ದು. ಕನೆಕ್ಟಿಂಗ್ ರಾಡ್ ಬೇರಿಂಗ್ ಸದ್ದಾದರೆ ಆಯಿಲ್ ಬಿಸಿಯಾಗಿ ತೆಳುವಾದಾಗ ಜಾಸ್ತಿಯಾಗುತ್ತದೆ, ಆಗ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಇನ್ನೊಂದು. ಪಿಸ್ಟನ್ ಮೇಲಿನ ಬಾಣದ ಗುರುತು ಟೈಮಿಂಗ್ ಬೆಲ್ಟ್ ಕಡೆಗೇ ಇತ್ತಾ? ಪಿಸ್ಟನ್ ತುದಿ ಮುಟ್ಟಿ ಇಳಿಯೋಕೆ ಶುರು ಮಾಡುವಾಗ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ವಾಲುತ್ತದೆ, ಸದ್ದು ಹುಟ್ಟೋದು ಆ ಕ್ಷಣದಲ್ಲೇ. ಅದು ಮೆಲ್ಲಗೆ ವಾಲಲಿ ಅಂತಲೇ ಕಂಪನಿಯವರು ಪಿನ್ ಅನ್ನು ನಡುವಿನಿಂದ ಒಂದು ಎಂಎಂ ಒಳಗೇ ಪಕ್ಕಕ್ಕೆ ಇಡುತ್ತಾರೆ. ಅಂಥ ಪಿಸ್ಟನ್ ಉಲ್ಟಾ ಕೂತರೆ ಸದ್ದು ಹೆಚ್ಚುತ್ತದೆ. ಎಷ್ಟೋ ರೇಸ್ ಪಿಸ್ಟನ್‌ಗಳಲ್ಲಿ ಪಿನ್ ನಟ್ಟನಡುವೆ ಇರುತ್ತದೆ, ಅದಕ್ಕೂ ಸದ್ದು ಜಾಸ್ತಿ. ನಾಕ್ ಸೆನ್ಸರ್ (ಡೆಟೊನೇಷನ್ ಬಡಿತ ಗುರುತಿಸುವ ಸೆನ್ಸರ್) ಇರುವ ಗಾಡಿಯಾದರೆ ಇಸಿಯು (ಎಂಜಿನ್ ಕಂಪ್ಯೂಟರ್) ಈ ಬಡಿತವನ್ನೇ ಡೆಟೊನೇಷನ್ ಅಂದುಕೊಂಡು ಪ್ಲಗ್ ಕಿಡಿಯ ಟೈಮಿಂಗ್ ಹಿಂದೆ ಎಳೆಯುವುದೂ ಉಂಟು, ಇದನ್ನು ಓದುವ ಬೇರೆಯವರು ಗಮನಿಸಿ.

ಘಾಟಿ ಎಸ್ಟೀಮ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರಿಂಗ್ ಮಾಡಿದವರಿಗೆ ಫೋನ್ ಮಾಡಿದೆ, ಹಾಳೆಯಲ್ಲಿ ಹೇಳಿದ ಎತ್ತರದಲ್ಲೇ ಅಳೆದಿದ್ದಾರೆ, ನಾಲ್ಕೂ 0.085ರಿಂದ 0.095 ಒಳಗೆ. ಜೋಡಿಸುವಾಗ ತೆಗೆದ ಫೋಟೋ ಹುಡುಕಿದೆ, ಬಾಣಗಳೂ ಸರಿ ಇವೆ. ಇವತ್ತು ಬೆಳಿಗ್ಗೆ ಚಮಚ ಆಯಿಲ್ ಬಿಟ್ಟು ನೋಡಿದೆ, ಅಂಗಳ ತುಂಬ ನೀಲಿ ಹೊಗೆ, ಸದ್ದು ಮಾತ್ರ ಅರ್ಧಕ್ಕಿಂತ ಕಮ್ಮಿ. ಬಿಚ್ಚಿಸೋದು ಕ್ಯಾನ್ಸಲ್. ಬಿಸಿಯಾಗೋ ತನಕ 2500 ಆರ್‌ಪಿಎಂ ದಾಟಿಸಲ್ಲ.

ಪೀಣ್ಯ ಬೋರಿಂಗ್:
ಸರಿ ಸರ್. ಟೆಂಪರೇಚರ್ ಮುಳ್ಳು ನಡುವಿಗೆ ಬಂದ ತಕ್ಷಣ ತುಳಿಯಬೇಡಿ, ಅದು ತೋರಿಸೋದು ನೀರಿನ ಬಿಸಿ. ಆಯಿಲ್ ಬಿಸಿಯಾಗೋಕೆ ಇನ್ನೂ ಐದಾರು ನಿಮಿಷ ಬೇಕು.